ಹೊರಗೆಳೆದ ಜೇಬುಗಳು

ಇಸ್ತ್ರಿಯಕ್ಕನ ಅಂಗಡಿಗೆ ನಮ್ಮ ಕಟ್ಟಡದ ಹರೆಯದ ಮಕ್ಕಳಿಂದ ಬರುವ ಬಟ್ಟೆಗಳನ್ನು ದೂರದಿಂದಲೇ ಗುರುತು ಹಿಡಿಯಬಹುದು. ಪ್ಯಾಂಟಾಗಲಿ ಸ್ಕರ್ಟಾಗಲಿ, ಜೇಬುಗಳನ್ನು ಹೊರಕ್ಕೆ ಎಳೆದು ಬಿಟ್ಟಿರುತ್ತಾರೆ. ಜೇಬಿನ ಬಿಳಿ ಒಳಬಟ್ಟೆ ಎರಡೂ ಪಕ್ಕದಲ್ಲಿ ನಾಲಿಗೆಯ ಹಾಗೆ ಜೋತಾಡುತ್ತಿರುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಇದೇನೋ ಒಗೆಯುವ ಪದ್ಧತಿ ಇರಬೇಕು ಎಂದುಕೊಳ್ಳುತ್ತಾರೆ. ಹಳಬರಿಗೆ ಗೊತ್ತು. ಅಕ್ಕ ಒಂದೊಂದೇ ಜೇಬನ್ನು ಎರಡು ಬೆರಳಿನಿಂದ ಒಳಕ್ಕೆ ತಳ್ಳಿ, ಅಂಗೈಯಿಂದ ಸವರಿ, ಆಮೇಲೆ ಇಸ್ತ್ರಿ ಇಡುತ್ತಾರೆ.

ಅಂಗಡಿ ಎಂದರೆ ನಾಲ್ಕು ಮಹಡಿಯ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಮೇಜು ಹಾಕಿದ ಮೇಲೆ ಒಬ್ಬರು ನಿಲ್ಲುವಷ್ಟು ಮಾತ್ರ ಉಳಿದಿದೆ. ಮೇಲಿನಿಂದ ಯಾರಾದರೂ ಓಡಿ ಇಳಿದರೆ ಸುಣ್ಣದ ಪುಡಿ ಉದುರುತ್ತದೆ, ಅದಕ್ಕಾಗಿ ತಲೆಯ ಮೇಲೆ ಹಳೆಯ ಪರದೆಯೊಂದನ್ನು ಅಡ್ಡ ಕಟ್ಟಿದ್ದಾರೆ. ಮೇಜಿನ ಮೇಲೆ ಕಂಬಳಿ, ಅದರ ಮೇಲೆ ಬಿಳಿ ಹೊದಿಕೆ, ಹೊದಿಕೆಯ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟಿಟ್ಟು ಆದ ಕಂದು ಕಲೆ. ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ. ಹೊರಗೆ ಗೋಡೆಗೆ ಒರಗಿಸಿದ ಒಂದು ಮರದ ಬೆಂಚು. ನಾನು ಎರಡನೆಯ ಮಹಡಿಯವಳು. ಬಟ್ಟೆ ಕೊಟ್ಟು ಹೋಗಬೇಕಾದವಳು ಆ ಬೆಂಚಿನ ಮೇಲೆ ಕೂತು ಕೂತು ಅಕ್ಕನ ಬದುಕನ್ನು ತುಂಡು ತುಂಡಾಗಿ ಕೇಳಿಸಿಕೊಂಡಿದ್ದೇನೆ.

ಅವರ ಗಂಡ ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಯಂತ್ರದ ಹತ್ತಿರ ನಿಂತು ಕೆಲಸ ಮಾಡುತ್ತಿದ್ದರಂತೆ. ಎದೆ ಕೆಟ್ಟು ಮಲಗಿದ ಮೇಲೆ ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದರು. ಗಂಡ ಹೋದರು. ಒಬ್ಬಳೇ ಮಗಳು ಹೆರಿಗೆಯಲ್ಲಿ ಹೋದಳು. ಅಳಿಯ ಬೇರೆ ಸಂಸಾರ ಕಟ್ಟಿಕೊಂಡ. ಉಳಿದದ್ದು ಮೊಮ್ಮಗಳು. ಬಟ್ಟೆಯ ಗಂಟುಗಳ ನಡುವೆ ಮಲಗಿ, ಬಿಸಿ ಬಟ್ಟೆಯ ವಾಸನೆಯಲ್ಲೇ ಬೆಳೆದ ಮಗು. ಬಾಯಿ ತೆರೆದರೆ ಚಟಪಟ ಎನ್ನುತ್ತಿದ್ದಳು. ಕಟ್ಟಡದವರೆಲ್ಲ ಚಿನಕುರಳಿ ಎಂದೇ ಕರೆದು ಕರೆದು, ಅವಳ ನಿಜವಾದ ಹೆಸರು ಶಾಲೆಯವರಿಗೆ ಮಾತ್ರ ನೆನಪಿರಬೇಕು.

ಈ ಕೆಲಸದಲ್ಲಿ ಇಸ್ತ್ರಿ ಇಡುವ ಮುಂಚೆ ಜೇಬಿಗೆ ಕೈ ಹಾಕಲೇಬೇಕು. ಮರೆತ ಪೆನ್ನೊಂದು ಬಿಸಿಗೆ ಒಡೆದರೆ ಆ ಬಟ್ಟೆಯ ಕಥೆ ಮುಗಿಯಿತು. ಹಾಗಾಗಿ ನಮ್ಮೆಲ್ಲರ ಜೇಬುಗಳೂ ಅಕ್ಕನ ಬೆರಳಿಗೆ ಪರಿಚಿತ. ಸಿಕ್ಕಿದ್ದನ್ನು ಅವರು ದಿಂಬಿನ ಹಳೆಯ ಬಟ್ಟೆಯಿಂದ ಹೊಲಿದ ಸಣ್ಣ ಚೀಲಕ್ಕೆ ಹಾಕಿ, ಆ ಮನೆಯ ಗಂಟಿಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದರು. ಬಸ್ ಟಿಕೆಟ್ಟು, ಗುಂಡಿ, ಅರ್ಧ ತಿಂದ ಚಾಕೊಲೇಟು, ಏನೇ ಇರಲಿ. ಯಾರದು, ಯಾಕೆ ಎಂದು ಕೇಳಿದವರಲ್ಲ. ಒಮ್ಮೆ ನಮ್ಮ ಮನೆಯವರು ಬಿಟ್ಟೆನೆಂದು ಆಣೆ ಮಾಡಿದ್ದ ಸಿಗರೇಟೂ ಹಾಗೆಯೇ ಪಿನ್ನು ಹಾಕಿಸಿಕೊಂಡು ಮನೆಗೆ ಬಂತು. ಅಕ್ಕ ಒಂದು ಮಾತೂ ಆಡಲಿಲ್ಲ. ನಾನೇ ಆಡಿದೆ.

ಬಾಯಿ ಬಿಡದ ಈ ಗುಣಕ್ಕೇ ಮಕ್ಕಳು ಅವರ ಬೆಂಚಿಗೆ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಐದಾರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೂರುತ್ತಿದ್ದರು.

“ಅಜ್ಜಿ, ನನ್ನ ಮಾರ್ಕ್ಸ್ ಕಾರ್ಡ್ ಮೇಲೂ ಒಂದ್ಸಲ ಇಸ್ತ್ರಿ ಓಡ್ಸಿ, ಸುಕ್ಕು ಹೋಗ್ಲಿ.”

“ಅದಕ್ಕೆ ಇಸ್ತ್ರಿ ಸಾಲದು ಕಣೋ. ನೆನೆಹಾಕಿ ಒಗೀಬೇಕು.”

ಚಿನಕುರಳಿ ಮತ್ತು ನಮ್ಮ ಕಟ್ಟಡದ ಟೈಲರ್ ಮಗಳು ಬೆಂಚಿನ ಒಂದು ತುದಿಯಲ್ಲಿ ಒಂದೇ ಬಾಚಣಿಗೆಯಿಂದ ತಲೆ ಬಾಚಿಕೊಳ್ಳುತ್ತ ಕೂರುವರು. ಇಬ್ಬರಿಗೂ ಹದಿನೈದು, ಒಂದೇ ತರಗತಿ. ಟೈಲರ್ ಮಗಳು ಮೆತ್ತನೆಯ ಹುಡುಗಿ. ಚಿನಕುರಳಿ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದಳು.

ಈ ಸಂಜೆಗಳು ಹಾಳಾದದ್ದು ಬಡಗಿಯ ಮಗ ಸತ್ತ ಮೇಲೆ.

ಬಡಗಿಯದು ಮೂರನೆಯ ಮಹಡಿ. ಅವರ ಮಗ ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ. ನಮ್ಮ ಕಟ್ಟಡದ ಹಿಂದೆ ಎಷ್ಟೋ ವರ್ಷದಿಂದ ಬಾಗಿಲು ಮುಚ್ಚಿದ ಐಸ್ ಫ್ಯಾಕ್ಟರಿ ಇದೆ. ಅದರ ಮುರಿದ ಕಿಟಕಿಯಿಂದ ಮಕ್ಕಳು ಒಳಗೆ ನುಸುಳುವುದು ನಮಗೆ ಗೊತ್ತಿತ್ತು, ಆಡಲು ಹೋಗುತ್ತಾರೆ ಎಂದುಕೊಂಡಿದ್ದೆವು. ಅಲ್ಲಿ ಅವರು ನಿದ್ದೆ ಮಾತ್ರೆ ನುಂಗಿ, ಅಮಲಿನಲ್ಲಿ ಅಟ್ಟದ ತೊಲೆಯ ಮೇಲೆ ನಡೆಯುವ ಪಂದ್ಯ ಕಟ್ಟುತ್ತಿದ್ದರೆಂದು ತಿಳಿದದ್ದು ತೊಲೆಯಿಂದ ಬಿದ್ದ ಹುಡುಗನನ್ನು ಹೊತ್ತು ತಂದ ದಿನ.

ಮುಂದಿನ ಭಾನುವಾರ ಮಧ್ಯಾಹ್ನ ಕೆಳಗಿನ ಹಜಾರದಲ್ಲಿ ಎಲ್ಲರೂ ಸೇರಿದೆವು. ಸೇರಿಸಿದವರು ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು, ಮದುವೆಯಾಗದವರು, ಕಟ್ಟಡದ ಅರ್ಧದಷ್ಟು ಮಕ್ಕಳ ಜ್ವರ ನೋಡಿದವರು. ಸ್ಟೂಲುಗಳನ್ನು ಇಳಿಸಿ ತಂದಿಟ್ಟವರು ಬಡಗಿಯೇ.

“ಪೊಲೀಸು, ಶಾಲೆ, ಅವರ ದಾರಿ ಅವರು ನೋಡ್ಕೊಳ್ಲಿ. ನಾವು ಇಷ್ಟು ಜನ ಇದೀವಲ್ಲ, ನಮ್ಮ ಕಣ್ಣು ಎಲ್ಲಿತ್ತು?” ಎಂದರು ನರ್ಸಮ್ಮ. “ಇನ್ಮೇಲೆ ಯಾರ ಮಗು ಆದ್ರೂ ಸರಿ, ಕಂಡಿದ್ದನ್ನ ಬಚ್ಚಿಡಬಾರದು. ಇಲ್ಲಿ ತಂದು ಹೇಳ್ಬೇಕು.”

ಆಗ ಬಡಗಿ ಇಸ್ತ್ರಿಯಕ್ಕನ ಕಡೆ ತಿರುಗಿದರು. “ಅಕ್ಕಾ, ನನ್ನ ಮಗನ ಜೇಬಲ್ಲಿ ಯಾವತ್ತಾದ್ರೂ ಏನಾದ್ರೂ ಸಿಕ್ಕಿತ್ತಾ?”

ಅಕ್ಕ ಹೇಳಿದರು. “ಸಿಕ್ಕಿತ್ತಪ್ಪ. ಮಾತ್ರೆ. ತಲೆನೋವಿಂದೇನೋ ಅಂದ್ಕೊಂಡೆ. ಪಿನ್ನು ಹಾಕಿ ಕಳ್ಸಿದ್ದೆ.”

“ಗಂಟು ತಗೊಂಡು ಹೋಗ್ತಾ ಇದ್ದವನು ಅವನೇ,” ಎಂದರು ಬಡಗಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅಕ್ಕ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ.

ಅಂದಿನಿಂದ ಮಕ್ಕಳ ಜೇಬಿನಲ್ಲಿ ಸಿಕ್ಕಿದ್ದು ಗಂಟಿಗೆ ಹೋಗದೆ ಭಾನುವಾರದ ಸಭೆಗೆ ಹೋಗತೊಡಗಿತು. ಇದರಿಂದ ಒಳ್ಳೆಯದಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮಹಡಿಯ ಒಬ್ಬ ಹುಡುಗನ ಜೇಬಿನಲ್ಲಿ ಸಿಕ್ಕ ಮಾತ್ರೆಯ ದೆಸೆಯಿಂದ ಅವನನ್ನು ಸಮಯಕ್ಕೆ ವೈದ್ಯರ ಹತ್ತಿರ ಕರೆದೊಯ್ದರು. ಅವನ ತಾಯಿ ಈಗಲೂ ಅಕ್ಕನನ್ನು ಕಂಡರೆ ಕೈ ಮುಗಿಯುತ್ತಾಳೆ. ಆದರೆ ಮಾತ್ರೆ ಸಿಕ್ಕಿದ್ದು ಅಪರೂಪ. ಸಿಗರೇಟಿನ ಪುಡಿ, ಸಿನಿಮಾ ಟಿಕೆಟ್ಟು, ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೊ, ಇಂಥವೇ ಹೆಚ್ಚು. ಅವೂ ಸಭೆಯ ಮೇಜಿನ ಮೇಲೆ ಬಂದವು. ಅಪ್ಪಂದಿರ ಬೆಲ್ಟು ಸೊಂಟದಿಂದ ಬಿಚ್ಚಿಕೊಂಡಿತು. ಗೋಡೆಯಾಚೆ ಅಳುವುದು ಕೇಳಿದಾಗ ನಾವು, ಮಕ್ಕಳು ದಾರಿಗೆ ಬರುತ್ತಿದ್ದಾರೆ ಎಂದುಕೊಂಡು ಅನ್ನಕ್ಕಿಡುತ್ತಿದ್ದೆವು.

ಆಮೇಲೆ ಒಂದು ಬೆಳಿಗ್ಗೆ ಮೊದಲ ಪ್ಯಾಂಟು ಜೇಬು ಹೊರಗೆಳೆದುಕೊಂಡು ಬಂತು. ತಂದವನು ಮಾರ್ಕ್ಸ್ ಕಾರ್ಡಿನ ಹುಡುಗನೇ.

“ಇದೇನೋ ಅವತಾರ?” ಎಂದರು ಅಕ್ಕ.

“ನಿಮಗೆ ಸುಲಭ ಆಗ್ಲಿ ಅಂತ ಅಜ್ಜಿ. ತಪಾಸಣೆ ನಾವೇ ಮುಗಿಸಿ ತಂದಿದೀವಿ.”

ಅವನು ನಗಲಿಲ್ಲ, ಬೆಂಚಿನ ಮೇಲೆ ಕೂರಲೂ ಇಲ್ಲ. ಬರಬರುತ್ತ ಎಲ್ಲ ಮಕ್ಕಳ ಬಟ್ಟೆಗಳೂ ಹಾಗೆಯೇ ಬರತೊಡಗಿದವು. ಬೆಂಚು ಖಾಲಿಯಾಯಿತು.

“ಈಗ ಏನೂ ಸಿಕ್ತಾ ಇಲ್ಲ ನೋಡಿ,” ಎಂದು ನರ್ಸಮ್ಮ ಸಭೆಯಲ್ಲಿ ಸಮಾಧಾನಪಟ್ಟರು.

“ಮಕ್ಕಳೂ ಸಿಕ್ತಾ ಇಲ್ಲಮ್ಮ,” ಎಂದರು ಅಕ್ಕ.

ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಅಲ್ಲಿದ್ದೆ.

ಚಿನಕುರಳಿಯ ಸ್ಕರ್ಟಿನ ಜೇಬೂ ಹೊರಬಂದಿತು. ಅದು ಅಕ್ಕನಿಗೆ ಬಲವಾಗಿ ನಾಟಿತು. “ನಿಂದೂ ಯಾಕೆ? ನಾನು ನಿನ್ನ ಅಜ್ಜಿ ಅಲ್ವಾ?” ಎಂದು ಕೇಳಿದರು. “ಅವರಿಗೆಲ್ಲ ಒಂದು, ನನಗೊಂದಾ ಅಜ್ಜಿ? ಆಮೇಲೆ ನನ್ನ ಜೊತೆ ಯಾರೂ ಮಾತಾಡಲ್ಲ,” ಎಂದಳು ಅವಳು. ಅವಳ ಮಾತೂ ಕಡಿಮೆಯಾಗಿತ್ತು. ಟೈಲರ್ ಮಗಳ ಜೊತೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ಯಾರಾದರೂ ಹತ್ತಿರ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಅಕ್ಕ ಬಟ್ಟೆಗಳನ್ನು ವಿಂಗಡಿಸುತ್ತಿದ್ದಾಗ ಕೈಗೆ ಬಂದ ಚಿನಕುರಳಿಯ ಸ್ಕರ್ಟಿನ ಜೇಬು ಒಳಗೇ ಇತ್ತು. ಎಲ್ಲ ಮಕ್ಕಳ ಜೇಬೂ ಹೊರಗೆ, ಅವಳದೊಂದು ಮಾತ್ರ ಒಳಗೆ. ಬೆರಳು ಹಾಕಿದರು. ಮಾತ್ರೆಯ ಪಟ್ಟಿ. ಅರ್ಧ ಖಾಲಿ.

ಅದನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರಂತೆ. ಮೊಮ್ಮಗಳು ಮೇಲೆ ಮನೆಯಲ್ಲೇ ಇದ್ದಳು. ಕರೆದಿದ್ದರೆ ಇಳಿದು ಬರುತ್ತಿದ್ದಳು. ಅಕ್ಕ ಕರೆಯಲಿಲ್ಲ. ಅವರ ಮನಸ್ಸು ಹೋದದ್ದು ಬೇರೆಡೆಗೆ. ಇಷ್ಟು ದಿನ ಊರ ಮಕ್ಕಳದ್ದನ್ನೆಲ್ಲ ಮೇಜಿನ ಮೇಲೆ ಸುರಿದೆ, ಈಗ ನನ್ನ ಮನೆಯದು ಎಂದು ಮುಚ್ಚಿಟ್ಟರೆ ಆ ಬಡಗಿಯ ಮುಖ ಹೇಗೆ ನೋಡಲಿ? ದೇವರಿಗೆ ಏನು ಹೇಳಲಿ? ರಾತ್ರಿಯೆಲ್ಲ ಪ್ರಾರ್ಥಿಸಿದರಂತೆ. ಕೇಳಿದ್ದು ಧೈರ್ಯ. ಧೈರ್ಯ ಸಿಕ್ಕಿತು. ಬೇರೆ ಏನನ್ನಾದರೂ ಕೇಳಬೇಕಿತ್ತು ಎಂದು ಈಗ ಹೇಳುತ್ತಾರೆ.

ಭಾನುವಾರ ಅವರು ಎಲ್ಲರ ಎದುರು ಆ ಪಟ್ಟಿಯನ್ನು ಮೇಜಿನ ಮೇಲಿಟ್ಟರು. “ಇದು ನನ್ನ ಮೊಮ್ಮಗಳ ಜೇಬಲ್ಲಿ ಸಿಕ್ಕಿದ್ದು.”

ಮೊದಲು ಬಾಯಿ ತೆರೆದವಳು ಟೈಲರ್ ಹೆಂಡತಿ. “ಅಯ್ಯೋ, ನಿಮ್ಮನೇದೇನಾ ಅಕ್ಕ? ನಾನು ನಮ್ಮವಳಿಗೆ ಇವತ್ತೇ ಹೇಳ್ತೀನಿ, ಇನ್ಮೇಲೆ ಆ ಹುಡುಗಿ ಜೊತೆ ಸೇರಕೂಡದು.”

ಚಿನಕುರಳಿಯನ್ನು ಕರೆಸಿದರು. ಅವಳು ಬಾಗಿಲಲ್ಲಿ ನಿಂತು ಮೇಜಿನ ಮೇಲಿದ್ದದ್ದನ್ನು ನೋಡಿದಳು. ಆಮೇಲೆ ಅಜ್ಜಿಯನ್ನು ನೋಡಿದಳು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಎಷ್ಟು ದಿನದಿಂದ ಎಂದು ನರ್ಸಮ್ಮ ಮೆತ್ತಗೇ ಕೇಳಿದರು. ಚಿನಕುರಳಿ ಟೈಲರ್ ಹೆಂಡತಿಯ ಮುಖ ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ನಾನು ಅದನ್ನು ಕಂಡೆ. ಭಯ ಎಂದುಕೊಂಡೆ.

ಹೊರಡುವಾಗ ಅಜ್ಜಿಗೆ ಮಾತ್ರ ಒಂದು ಮಾತು ಹೇಳಿದಳು. “ನನ್ನ ಕೇಳ್ಬಹುದಿತ್ತಲ್ಲಜ್ಜಿ.”

ಆ ರಾತ್ರಿಯಿಂದ ಅವಳು ತನ್ನ ಬಟ್ಟೆಗಳನ್ನು ಅಜ್ಜಿಗೆ ಕೊಡುವುದು ಬಿಟ್ಟಳು. ತಾನೇ ಒಗೆದು, ಹಿಂಡಿ, ಹಾಗೆಯೇ ಹಾಕಿಕೊಂಡಳು. ಇಡೀ ಬೀದಿಗೆ ಇಸ್ತ್ರಿ ಮಾಡುವವರ ಮೊಮ್ಮಗಳು ಸುಕ್ಕುಗಟ್ಟಿದ ಸ್ಕರ್ಟು ಹಾಕಿಕೊಂಡು ಅಂಗಡಿಯ ಮುಂದೆಯೇ ಶಾಲೆಗೆ ಹೋಗುವಳು. ಅಕ್ಕ ಇಸ್ತ್ರಿ ನಿಲ್ಲಿಸಿ ನೋಡುವರು. ಅವಳು ತಿರುಗಿ ನೋಡುತ್ತಿರಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಬಡಗಿ ಐಸ್ ಫ್ಯಾಕ್ಟರಿಯ ಕಡೆಯಿಂದ ಓಡಿ ಬಂದರು. ಮಗ ಹೋದ ಮೇಲೆ ಅವರು ದಿನಾ ಒಮ್ಮೆ ಆ ಕಿಟಕಿಯ ಹತ್ತಿರ ಹೋಗಿ ನಿಂತು ಬರುತ್ತಿದ್ದರು. ಅಂದು ನೋಡಿದರೆ, ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ್ದನ್ನು ಯಾರೋ ಕಿತ್ತಿದ್ದರು. ಒಳಗೆ ನೆಲದ ಮೇಲೆ ಟೈಲರ್ ಮಗಳು ಬಿದ್ದಿದ್ದಳು. ತೊಲೆಯ ಮೇಲಿನಿಂದ ಬಿದ್ದದ್ದು. ಒಬ್ಬಳೇ. ಪಂದ್ಯ ಕಟ್ಟುವವರೂ ಜೊತೆಗಿರಲಿಲ್ಲ.

ಜೀವ ಉಳಿಯಿತು. ತಲೆಗೆ ಬಿದ್ದ ಪೆಟ್ಟು ಮಾತ್ರ ವಾಸಿಯಾಗಲಿಲ್ಲ. ಈಗ ಅವಳು ಅಪ್ಪನ ಹೊಲಿಗೆ ಯಂತ್ರದ ಪಕ್ಕ ಕುರ್ಚಿಯಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾಳೆ. ಮಾತು ಬರುತ್ತದೆ. ಬಹಳ ದೂರದಿಂದ ನಡೆದು ಬಂದ ಹಾಗೆ ಬರುತ್ತದೆ. ಅಷ್ಟರಲ್ಲಿ ಕೇಳಿದವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ.

ಚಿನಕುರಳಿ ಬಾಯಿ ಬಿಟ್ಟದ್ದು ಆಸ್ಪತ್ರೆಯ ಮೊಗಸಾಲೆಯಲ್ಲಿ. ನಾನು ಅಕ್ಕನ ಜೊತೆಗೆ ಹೋಗಿದ್ದೆ.

“ಆ ಮಾತ್ರೆ ಅವಳದ್ದು. ನಾನು ಕಿತ್ಕೊಂಡಿದ್ದೆ. ಪರೀಕ್ಷೆಲಿ ಫೇಲಾದಾಗಿಂದ ನಿದ್ದೆ ಬರಲ್ಲ ಅಂತ ಶುರು ಮಾಡಿದ್ಳು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ಳು. ನಾನು ಹೇಳಲಿಲ್ಲ. ಜೇಬಲ್ಲಿ ಬಿಟ್ಟೆ.”

“ಬೇಕಂತಲೇ ಬಿಟ್ಟೆಯಾ?” ಎಂದರು ಅಕ್ಕ.

“ಎಲ್ಲರ ಜೇಬೂ ಹೊರಗಿತ್ತಲ್ಲ ಅಜ್ಜಿ. ನನ್ನದೊಂದು ಯಾಕೆ ಒಳಗಿದೆ ಅಂತ ನಿಂಗೆ ಅನಿಸ್ಲೇ ಇಲ್ವಾ? ನೀನು ನೋಡಿ ನನ್ನ ಕರೀತೀಯ, ಆಮೇಲೆ ಇಬ್ರೂ ಸೇರಿ ಏನಾದ್ರೂ ಮಾಡಬಹುದು ಅಂದ್ಕೊಂಡೆ. ನೀನು ತಗೊಂಡು ಹೋಗಿ ಅವಳ ಅಮ್ಮನ ಮುಂದೆನೇ ಇಟ್ಟೆ. ಅವತ್ತೇ ಅವಳನ್ನ ನನ್ನಿಂದ ಬಿಡಿಸಿದ್ರು. ಅಲ್ಲೀವರೆಗೆ ನಾನು ದಿನಾ ಅವಳ ಹಿಂದೆನೇ ಇರ್ತಿದ್ದೆ.”

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಅಕ್ಕನಿಗೆ ಅಷ್ಟಾದರೂ ಹಿಡಿದುಕೊಳ್ಳಲು ಸಿಗುತ್ತಿತ್ತು.

ಮುಂದಿನ ಸಭೆಗೆ ಅಕ್ಕ ಬರಿಗೈಯಲ್ಲಿ ಬಂದರು. “ಇನ್ಮೇಲೆ ನಾನು ಜೇಬಿನ ಸಾಮಾನು ಇಲ್ಲಿಗೆ ತರಲ್ಲ,” ಎಂದರು.

“ಹಾಗಾದ್ರೆ ಹಳೇ ಥರಾನೇ ಪಿನ್ನು ಹಾಕಿ ಕಳಿಸ್ತೀರಾ?” ನರ್ಸಮ್ಮನ ದನಿ ಏರಿತು. “ನಾಳೆ ಇನ್ನೊಂದು ಮಗು ಹೋದ್ರೆ ಯಾರು ಉತ್ತರ ಕೊಡ್ತಾರೆ ಅಕ್ಕ? ನೀವಾ?”

“ಪಿನ್ನೂ ಹಾಕಲ್ಲಮ್ಮ. ಸುಮ್ನಿದ್ದಾಗ ಒಂದು ಮಗು ಹೋಯ್ತು. ಹೇಳಿದಾಗ ಇನ್ನೊಂದು ಹೀಗಾಯ್ತು. ಎರಡು ಸಲಾನೂ ಆ ಮಗೂನ ಮಾತ್ರ ನಾನು ಕೇಳಿರ್ಲಿಲ್ಲ. ಇನ್ಮೇಲೆ ಕರೆದು ಕೂರಿಸ್ಕೊಂಡು ಕೇಳ್ತೀನಿ. ಯಾರಿಗೆ ಹೇಳೋಣ ಅಂತ ಅದನ್ನೇ ಕೇಳ್ತೀನಿ. ಅದರ ಕೈ ಹಿಡ್ಕೊಂಡೇ ಹೇಳೋಕೆ ಹೋಗ್ತೀನಿ.”

“ಅಷ್ಟು ಹೊತ್ತಿಗೆ ಮೀರಿ ಹೋಗಿದ್ರೆ?”

“ಮೀರಿದ್ರೆ ನಿಮ್ಮ ಬಾಗಿಲಿಗೇ ಓಡಿ ಬರ್ತೀನಿ. ಆದ್ರೆ ಅದರ ಜೊತೆಗೇ ಬರ್ತೀನಿ.”

ಟೈಲರ್ ಹೆಂಡತಿ ಆ ದಿನ ಬಂದಿರಲಿಲ್ಲ. ಬಡಗಿ ಎದ್ದು ನಿಂತರು. “ಬೆಂಚು ಚಿಕ್ಕದಾಯ್ತು. ಒಂದು ದೊಡ್ಡದು ಮಾಡ್ತೀನಿ,” ಎಂದಷ್ಟೇ ಹೇಳಿ ಸ್ಟೂಲುಗಳನ್ನು ಎತ್ತಿಡತೊಡಗಿದರು.

ಮಗನ ಕೋಣೆಗೆ ಕಪಾಟು ಮಾಡಲೆಂದು ತಂದಿಟ್ಟಿದ್ದ ಮರದಲ್ಲಿ ಅವರು ಆ ಬೆಂಚು ಮಾಡಿದರು. ಈಗ ಸಂಜೆಯ ಹೊತ್ತು ದೊಡ್ಡವರು ಒಬ್ಬರಾದ ಮೇಲೊಬ್ಬರು ಅಲ್ಲಿ ಕೂರುತ್ತೇವೆ. ಕೇಳದೆ ಉಪದೇಶ ಮಾಡಬಾರದು ಎಂಬುದು ಅಕ್ಕನ ಒಂದೇ ಕಟ್ಟಳೆ. ನರ್ಸಮ್ಮನಿಗೆ ಅದು ಬಹಳ ಕಷ್ಟ. ಬಾಯಿಗೆ ಕೆಲಸ ಇರಲಿ ಎಂದು ಕಡಲೆಕಾಯಿ ತಂದುಕೊಳ್ಳುತ್ತಾರೆ. ಮೊದಮೊದಲು ನಾವು ದೊಡ್ಡವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸಿಪ್ಪೆ ಗುಡ್ಡೆ ಹಾಕಿ ಎದ್ದು ಹೋಗುತ್ತಿದ್ದೆವು. ಮಕ್ಕಳು ದಾಟಿ ಹೋಗುವಾಗ ನಗುತ್ತಿದ್ದರು. ಮಾರ್ಕ್ಸ್ ಕಾರ್ಡಿನ ಹುಡುಗ ಒಂದು ದಿನ ನಿಂತ. “ಏನು, ಬಸ್ಸು ಬರುತ್ತಾ ಇಲ್ಲಿ?” ಎಂದ. “ಬರುತ್ತಂತಪ್ಪ, ಕೂತ್ಕೊ,” ಎಂದರು ಬಡಗಿ. ಅವನು ತುದಿಯಲ್ಲಿ ಕೂತ. ಒಂದು ಹಿಡಿ ಕಡಲೆಕಾಯಿ ಬಿಡಿಸಿ ತಿಂದ. ಹೋಗುವಾಗ ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆಯಲ್ಲೂ ಒಂದು ಸಂದಿ ಇದೆಯೆಂದು ಬಡಗಿಯ ಕಿವಿಯಲ್ಲಿ ಹೇಳಿ ಹೋದ. ಮರುದಿನ ಇಬ್ಬರೂ ಸೇರಿ ಅದನ್ನು ಮುಚ್ಚಿ ಬಂದರು.

ಅವನ ಹಿಂದೆ ಇನ್ನಿಬ್ಬರು ಮೂವರು ಬಂದಿದ್ದಾರೆ. ಎಲ್ಲರೂ ಬಂದಿಲ್ಲ. ಜೇಬುಗಳು ಇನ್ನೂ ಹೊರಗೇ ಬರುತ್ತವೆ. ಮಕ್ಕಳಿಗೆ ಅದು ಈಗ ಅಭ್ಯಾಸವಾಗಿದೆಯೋ, ನೋವಾಗಿಯೇ ಉಳಿದಿದೆಯೋ ತಿಳಿಯದು. ಟೈಲರ್ ಮಗಳನ್ನು ಸಂಜೆ ಚಿನಕುರಳಿಯೇ ಕೈ ಹಿಡಿದು ಕರೆತರುತ್ತಾಳೆ. ಅವಳ ತಾಯಿ ಈಗ ತಡೆಯುವುದಿಲ್ಲ, ಬಾಗಿಲವರೆಗೆ ಬಂದು ನಿಲ್ಲುತ್ತಾಳೆ. ಇಬ್ಬರೂ ಬೆಂಚಿನ ಅದೇ ತುದಿಯಲ್ಲಿ ಕೂರುತ್ತಾರೆ. ಚಿನಕುರಳಿ ಅವಳ ತಲೆ ಬಾಚುತ್ತಾಳೆ. ಅಜ್ಜಿಯ ಜೊತೆ ಬೇಕಾದಷ್ಟೇ ಮಾತು. ಊಟಕ್ಕೆ ಬಾ, ದೀಪ ಆರಿಸು, ಅಷ್ಟೇ. ಅಕ್ಕ ಒತ್ತಾಯ ಮಾಡಿದವರಲ್ಲ. ನಾನು ಪ್ರಾರ್ಥನೆಗೆ ಕೂತಾಗಲೆಲ್ಲ ಆ ಸುಕ್ಕು ಸ್ಕರ್ಟು ಕಣ್ಣ ಮುಂದೆ ಬರುತ್ತದೆ. ದೇವರಲ್ಲಿ ಅದನ್ನು ಹೇಗೆ ಕೇಳಬೇಕೆಂದು ತಿಳಿಯದೆ ಸುಮ್ಮನೆ ತೋರಿಸಿ ಎದ್ದುಬರುತ್ತೇನೆ.

ಮೊನ್ನೆ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಅದರ ತಟ್ಟೆಯ ಮೇಲಿಟ್ಟು ಸುಮ್ಮನೆ ನಿಂತಿದ್ದರು. ಮೇಜಿನ ಮೇಲೆ ಒಂದೇ ಒಂದು ಬಟ್ಟೆ ಇತ್ತು. ವರ್ಷದ ಮೇಲಿಂದ ಇಸ್ತ್ರಿ ಕಾಣದ, ಮುದುಡಿದ ಸ್ಕರ್ಟು. ಕೇಳಬೇಕಾಗಿರಲಿಲ್ಲ.

“ಕೈಗೆ ಕೊಡಲಿಲ್ಲ. ನಾನು ನೀರು ತರೋಕೆ ಹೋದಾಗ ಇಟ್ಟು ಹೋಗಿದ್ದಾಳೆ,” ಎಂದರು.

ಅದರ ಜೇಬೂ ಹೊರಗೆಳೆದೇ ಇತ್ತು.

ಅಕ್ಕ ಬಾಟಲಿಯಿಂದ ನೀರು ಚಿಮುಕಿಸಿದರು. ಎರಡು ಬೆರಳಿನಿಂದ ಜೇಬನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಅಂಗೈಯಿಂದ ಸವರಿದರು. ಸವರುತ್ತಲೇ ಇದ್ದರು. ಮೇಲೆ ಯಾರೋ ಮೆಟ್ಟಿಲಿಳಿದು ಹೋದರು, ಪರದೆಯ ಮೇಲೆ ಸುಣ್ಣ ಉದುರಿತು. ಆಮೇಲೆ ಅವರು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡರು.